ನೀಲಿ ಕ್ಲಿಪ್ಪಿನ ಪಾತ್ರೆ

ಡಬ್ಬಿ ಸೂಪಿನ ಮಾತೆತ್ತಿದವನು ಡೆಸ್. ಎಲ್ಲಿ ಯಾವ ಮಾತು ಆಡಬಾರದೋ ಅಲ್ಲೇ ಅದನ್ನು ಆಡುವುದರಲ್ಲಿ ಅವನಿಗೆ ಮೊದಲಿನಿಂದಲೂ ಒಂದು ಖುಷಿ.

“ಏನೇ ಹೇಳ್ರಪ್ಪ, ನಂಗೆ ಜ್ವರ ಬಂದಾಗ ಅಮ್ಮ ಒಂದು ಡಬ್ಬಿ ಟೊಮೇಟೊ ಸೂಪ್ ತೆಗೆದು ಬಿಸಿ ಮಾಡಿ ಕೊಡ್ತಿದ್ಲು ನೋಡಿ, ಅದರ ಮುಂದೆ ಇದ್ಯಾವುದೂ ಇಲ್ಲ,” ಎಂದ, ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಬಾಯಿಗಿಟ್ಟುಕೊಳ್ಳುತ್ತಲೇ.

“ಇದ್ಯಾವುದೂ ಇಲ್ವಾ? ಹಾಗಾದ್ರೆ ಆ ಬಟ್ಟಲು ಇತ್ಲಾಗೆ ಕೊಡು. ಮೂರನೇ ಸಲ ತುಂಬಿಸ್ಕೊಂಡಿದ್ದೀಯ,” ಎಂದು ಬಡಿಸುವ ಕಟ್ಟೆಯ ಹಿಂದಿನಿಂದ ವಾಲ್ಮೇ ಕೂಗಿದಳು. “ಡಬ್ಬಿ ಸೂಪಂತೆ! ಬಣ್ಣ ಹಾಕಿದ ಉಪ್ಪುನೀರು. ನಾನು ಬದುಕಿರೋ ತನಕ ಈ ಭವನದಲ್ಲಿ ಡಬ್ಬಿ ತೆಗೆಯೋ ಸದ್ದು ಕೇಳಬಾರದು, ತಿಳೀತಾ?”

“ನೀನು ಸತ್ತ ಮೇಲೆ ತರ್ತೀನಿ ಬಿಡು. ತಿಥಿ ಊಟಕ್ಕೆ.”

ಉದ್ದನೆಯ ಮೇಜುಗಳ ತುಂಬ ನಗು ಹರಿಯಿತು. ಕಟ್ಟೆಯ ಹಿಂದೆ ಸೌಟು ಹಿಡಿದು ನಿಂತಿದ್ದ ನೋಲಾ ಕೂಡ ನಕ್ಕಳು. ನಕ್ಕದ್ದು ತುಟಿ ಮಾತ್ರ. ಅವಳು ವಾಲ್ಮೇಯ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದಳು.

ಟ್ಯಾಸ್ಮೇನಿಯಾದ ಉತ್ತರದ ದಂಡೆಯಲ್ಲಿರುವ ಆ ಸಣ್ಣ ಊರಲ್ಲಿ ಚಳಿಗಾಲದ ಬುಧವಾರಗಳೆಂದರೆ ಸಮುದಾಯ ಭವನದ ಸೂಪಿನ ಊಟ. ಸಮುದ್ರದ ಗಾಳಿ ಆಲೂಗಡ್ಡೆಯ ಹೊಲಗಳನ್ನು ದಾಟಿ ಬಂದು ಭವನದ ತಗಡಿನ ಮಾಡನ್ನು ಅಲ್ಲಾಡಿಸುವಾಗ, ಒಂಟಿಯಾಗಿರುವವರು, ವಯಸ್ಸಾದವರು, ಕೆಲಸದ ನಡುವೆ ಬಿಡುವಾದವರು ಬಂದು ಬಿಸಿಯಾಗಿ ಉಂಡು ಹೋಗುತ್ತಿದ್ದರು. ಊರಿನ ಕೆಲವು ಹೆಂಗಸರು ತಲಾ ಒಂದೊಂದು ದೊಡ್ಡ ಪಾತ್ರೆ ಸೂಪು ತರುತ್ತಿದ್ದರು. ಎಲ್ಲದರ ಮೇಲ್ವಿಚಾರಣೆ ವಾಲ್ಮೇಯದು. ಅವಳ ನಿಯಮ ಒಂದೇ: ಮನೆಯಲ್ಲೇ ಮಾಡಿದ್ದಾಗಿರಬೇಕು.

ಪಾತ್ರೆಗಳ ಹಿಡಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸುವುದೂ ವಾಲ್ಮೇ ತಂದ ಪದ್ಧತಿಯೇ. ಹಳದಿ ಕ್ಲಿಪ್ಪಿದ್ದರೆ ಮಾಂಸವಿಲ್ಲ, ನೀಲಿ ಕ್ಲಿಪ್ಪಿದ್ದರೆ ಗೋಧಿಯಿಲ್ಲ. ಕೇಳುವುದಕ್ಕೆ ಸಂಕೋಚಪಡುವವರು ಕೇಳದೆಯೇ ಉಣ್ಣಲಿ ಎಂದು. ನೋಲಾಳ ಸಿಹಿಗುಂಬಳದ ಸೂಪಿನ ಪಾತ್ರೆಗೆ ಎರಡೂ ಇದ್ದವು. ಕುಂಬಳ, ಈರುಳ್ಳಿ, ಒಂದಿಷ್ಟು ಜಾಯಿಕಾಯಿ, ಕೊನೆಯಲ್ಲಿ ಕ್ರೀಮು. ಹಿಟ್ಟು ಹಾಕಿ ಗಟ್ಟಿ ಮಾಡುವವರನ್ನು ಕಂಡರೆ ಅವಳಿಗೆ ಒಳಗೊಳಗೇ ತಾತ್ಸಾರವಿತ್ತು. ಆ ಕ್ಲಿಪ್ಪುಗಳನ್ನು ಯಾವತ್ತೋ ಸಿಕ್ಕಿಸಿದ್ದು. ಪಾತ್ರೆಯ ಜೊತೆಗೇ ತೊಳೆದು, ಪಾತ್ರೆಯ ಜೊತೆಗೇ ಕಪಾಟಿನಲ್ಲಿಟ್ಟು, ಅವು ಪಾತ್ರೆಯ ಕಿವಿಗಳೇ ಆಗಿಹೋಗಿದ್ದವು.

“ಆದ್ರೂ ಒಂದು ಮಾತು,” ಡೆಸ್ ಬಟ್ಟಲು ಹಿಡಿದು ಮತ್ತೆ ಕಟ್ಟೆಯ ಹತ್ತಿರ ಬಂದ. ಅವನ ಕೈ ನಡುಗುತ್ತಿದ್ದುದರಿಂದ ವಾಲ್ಮೇ ಬೈಯುತ್ತಲೇ ಅವನ ಬಟ್ಟಲನ್ನು ತಾನೇ ಹಿಡಿದುಕೊಂಡಳು. “ನೋಲಾ, ಈ ವರ್ಷ ನಿನ್ನ ಸೂಪು ಬೆಣ್ಣೆ ಥರ ಆಗಿದೆ ಮಾರಾಯ್ತಿ. ಮುಂಚೆ ನಾರು ನಾರು ಸಿಗ್ತಿತ್ತು. ಏನು ಮಾಡ್ದೆ?”

“ಕ್ರೀಮ್ ಸ್ವಲ್ಪ ಜಾಸ್ತಿ,” ಎಂದಳು ನೋಲಾ.

ಅವಳು ಮಾಡಿದ್ದು ಇಷ್ಟೇ: ಡಬ್ಬಿ ತೆಗೆದು ಸುರಿದಿದ್ದಳು.

ನೋಲಾಳ ಕೈಗಳಿಗೆ ಸಂಧಿವಾತ ಬಂದು ವರ್ಷಗಳಾಗಿದ್ದವು. ಆದರೆ ಈ ವರ್ಷ ಬೆರಳುಗಳು ಪಕ್ಕಕ್ಕೆ ಬಾಗಿ, ಬೆಳಗ್ಗೆ ಕಾಫಿಯ ಲೋಟ ಎತ್ತಲೂ ಎರಡು ಕೈ ಬೇಕಾಗುತ್ತಿತ್ತು. ಅವಳು ಬಳಸುತ್ತಿದ್ದುದು ಬೂದುಬಣ್ಣದ ಗಟ್ಟಿ ಸಿಪ್ಪೆಯ ಸಿಹಿಗುಂಬಳ. ಅದರ ರುಚಿ ಬೇರೆ ಯಾವುದಕ್ಕೂ ಇಲ್ಲ, ಆದರೆ ಚೂರಿಗೆ ಬಗ್ಗುವ ಜಾತಿಯಲ್ಲ. ಈ ಚಳಿಗಾಲದ ಮೊದಲ ಬುಧವಾರದ ಹಿಂದಿನ ದಿನ ಚೂರಿ ಜಾರಿ, ಕುಂಬಳ ಉರುಳಿ ನೆಲಕ್ಕೆ ಬಿದ್ದು, ಅವಳು ಅಡುಗೆಮನೆಯಲ್ಲೇ ಕೂತು ಅತ್ತಿದ್ದಳು. ಗಂಡ ಕೆನ್ ಕಾರು ತೆಗೆದುಕೊಂಡು ಹೋಗಿ ಒಂದು ಪೆಟ್ಟಿಗೆ ತುಂಬ ಕುಂಬಳದ ಸೂಪಿನ ಡಬ್ಬಿಗಳನ್ನು ತಂದಿದ್ದ.

“ಡಬ್ಬೀಲಿರೋದೂ ಯಾರೋ ಮಾಡಿದ್ದೇ ಕಣೇ,” ಎಂದಿದ್ದ. “ಮೇಲೆ ಒಂದು ಈರುಳ್ಳಿ ಹುರಿದು ಹಾಕು. ನಿನ್ನ ಜಾಯಿಕಾಯಿ ಉದುರಿಸು. ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗಲಿಲ್ಲ. ಅದೇ ಅವಳಿಗೆ ಮೊದಲ ನೋವು. ಎಷ್ಟೋ ವರ್ಷ ಕೈ ಸವೆಸಿ ಮಾಡಿದ್ದಕ್ಕಿಂತ ಡಬ್ಬಿಯದೇ ಚೆನ್ನಾಗಿದೆ ಎಂದು ಜನ ಹೊಗಳಿದರು. ಆದರೆ ನಿಜ ಹೇಳುವ ಧೈರ್ಯ ಬರಲಿಲ್ಲ. ಭವನದ ಆ ಕಟ್ಟೆಗೆ ಎರಡು ಪಕ್ಕಗಳಿದ್ದವು. ಒಂದು ಪಕ್ಕ ಬಡಿಸುವವರದು, ಇನ್ನೊಂದು ಪಕ್ಕ ಬಡಿಸಿಕೊಳ್ಳುವವರದು. ಈ ಪಕ್ಕದಿಂದ ಆ ಪಕ್ಕಕ್ಕೆ ಹೋದವರನ್ನು ಅವಳು ನೋಡಿದ್ದಳು. ತಿರುಗಿ ಬಂದವರನ್ನು ನೋಡಿರಲಿಲ್ಲ.

ಅವತ್ತು ಎಲ್ಲರೂ ಹೊರಡುವ ಹೊತ್ತಿಗೆ ಬ್ರಿಯೋನಿ ಬಂದಳು. ಶಾಲೆಯ ಬಸ್ಸು ಓಡಿಸುವವಳು. ತಾಯಿ ಕ್ವೀನ್ಸ್‌ಲೆಂಡಿನ ಬಿಸಿಲಿಗೆ ಹೋಗಿ ನೆಲೆಸಿದ ಮೇಲೆ ಊರಲ್ಲಿ ಒಬ್ಬಳೇ ಇದ್ದಳು. ಚಿಕ್ಕಂದಿನಿಂದ ನೋಲಾಳನ್ನು ಆಂಟಿ ಎಂದೇ ಕರೆದವಳು. ಎರಡು ವರ್ಷದ ಹಿಂದೆ ಅವಳಿಗೆ ಗೋಧಿ ಆಗದ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. ಗೋಧಿಯ ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಹುಣ್ಣಾಗುವ ಕಾಯಿಲೆ. ಆಮೇಲೆ ಅವಳು ಹೊರಗೆಲ್ಲೂ ಉಣ್ಣುತ್ತಿರಲಿಲ್ಲ, ಈ ಭವನದಲ್ಲಿ ಬಿಟ್ಟು. ಈ ಭವನದಲ್ಲೂ ನೋಲಾಳ ಪಾತ್ರೆಯಿಂದ ಬಿಟ್ಟು ಬೇರೆ ಕಡೆಯಿಂದ ಬಡಿಸಿಕೊಳ್ಳುತ್ತಿರಲಿಲ್ಲ.

“ಬಾರೇ ಕಡ್ಡಿ,” ವಾಲ್ಮೇ ಕರೆದಳು. “ಗಾಳಿ ಹೊತ್ಕೊಂಡು ಹೋಗ್ಲಿಲ್ವಾ ನಿನ್ನ?”

ಬ್ರಿಯೋನಿ ನಗಲು ಪ್ರಯತ್ನಿಸಿದಳು. ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು, ಕೋಟು ಯಾರದೋ ಎರವಲು ತಂದದ್ದರಂತೆ ಜೋತಾಡುತ್ತಿತ್ತು. “ಮತ್ತೆ ಶುರುವಾಗಿದೆ ವಾಲ್. ಏನು ತಿಂದ್ರೂ ನಿಲ್ತಾ ಇಲ್ಲ. ನಿನ್ನೆ ಬಸ್ಸು ನಿಲ್ಲಿಸಿ ಯಾರದೋ ಹೊಲದ ಬೇಲಿ ಹಿಂದಕ್ಕೆ ಓಡಿದೆ. ಮಕ್ಕಳೆಲ್ಲ ಕಿಟಕೀಲಿ ಚಪ್ಪಾಳೆ ತಟ್ಟಿದ್ವು.”

“ಅಯ್ಯೋ ನನ್ನ ಚಿನ್ನ. ಏನು ತಿಂತೀಯ ಅಂಥದ್ದು?”

“ಏನಿಲ್ಲ. ಟೋಸ್ಟರ್ ಬಿಸಾಕ್ದೆ. ಮರದ ಸೌಟೆಲ್ಲ ಬಿಸಾಕ್ದೆ. ತುಟಿಗೆ ಹಚ್ಚೋ ಬಣ್ಣದಲ್ಲೂ ಇರುತ್ತಂತೆ, ಅದನ್ನೂ ಬಿಟ್ಟೆ. ಇನ್ನು ಬಿಡೋಕೆ ಉಳಿದಿರೋದು ಗಾಳಿ ಒಂದೇ.” ಅವಳು ನೋಲಾಳ ಕಡೆ ತಿರುಗಿದಳು. “ಆಂಟಿ, ನಿಮ್ಮ ಸೂಪು ಒಂದೇ ನಂಗೆ ಭಯ ಇಲ್ದೆ ಇಳಿಯೋದು.”

ನೋಲಾ ಬಟ್ಟಲು ತುಂಬಿಸಿ ಕೊಟ್ಟಳು. ಪಾಪ ಹುಡುಗಿ ಎಂದು ಇನ್ನೊಂದು ಸೌಟು ಹೆಚ್ಚೇ ಹಾಕಿದಳು. ಹೊರಡುವಾಗ ವಾಲ್ಮೇ ಎಂದಿನಂತೆ ಪಾತ್ರೆಯಲ್ಲಿ ಉಳಿದದ್ದನ್ನು ಗಾಜಿನ ಬಾಟಲಿಗಳಿಗೆ ಸುರಿದು, ಬಟ್ಟೆಯಲ್ಲಿ ಸುತ್ತಿ, ಬ್ರಿಯೋನಿಯ ಕೈಚೀಲಕ್ಕೆ ತುಂಬಿದಳು. ವಾರದ ಉಳಿದ ದಿನಗಳಿಗೆ.

ಮುಂದಿನ ಮಂಗಳವಾರ ನೋಲಾ ಪಕ್ಕದ ದೊಡ್ಡ ಊರಿನ ಅಂಗಡಿಗೆ ಹೋದಳು. ತನ್ನೂರಿನಲ್ಲಿ ಅಷ್ಟು ಡಬ್ಬಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ತಳ್ಳುಗಾಡಿಯ ತುಂಬ ಕುಂಬಳದ ಸೂಪಿನ ಡಬ್ಬಿಗಳನ್ನು ಜೋಡಿಸಿಕೊಂಡು ತಿರುಗಿದರೆ ಎದುರಿಗೆ ಬ್ರಿಯೋನಿ.

“ಆಂಟೀ! ಸಿಕ್ಕಿಬಿದ್ರಿ!”

ನೋಲಾ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದಳು. “ಕೆನ್‌ಗೆ,” ಎಂದಳು. “ಹೊಲದ ಕೆಲಸಕ್ಕೆ ಹೋದಾಗ ಶೆಡ್ಡಲ್ಲಿ ಬಿಸಿ ಮಾಡ್ಕೊಳ್ಳೋಕೆ.”

“ಪಾಪ ಕೆನ್ ಅಂಕಲ್! ಸೂಪಿನ ರಾಣಿಯ ಗಂಡ ಆಗಿ ಡಬ್ಬಿ ಸೂಪು ಕುಡೀಬೇಕಾ?” ಬ್ರಿಯೋನಿ ಜೋರಾಗಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕವಳ ನಗು. ಆಮೇಲೆ ನೋಲಾಳ ಬೆರಳುಗಳು ಗಾಡಿಯ ಹಿಡಿಯ ಮೇಲೆ ಹೇಗೆ ಮಡಿಚಿಕೊಂಡಿವೆಯೆಂದು ನೋಡಿ, ಕೇಳದೆಯೇ ಗಾಡಿ ತೆಗೆದುಕೊಂಡು ತಾನೇ ತಳ್ಳತೊಡಗಿದಳು. “ಬನ್ನಿ, ಕಾರಿಗೆ ನಾನೇ ಇಟ್ಟುಕೊಡ್ತೀನಿ.”

“ಬೇಡ ಕಣಮ್ಮ, ನಿಂಗೇ ಮೈ ಹುಷಾರಿಲ್ಲ.”

“ಡಬ್ಬಿ ಎತ್ತೋಕೆ ಹುಷಾರು ಬೇಕಾ?” ಅವಳು ಒಂದು ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. “ಒಂದು ಕಾಲದಲ್ಲಿ ನಾನೂ ಇದನ್ನೇ ಕುಡಿದು ಬದುಕ್ತಿದ್ದೆ. ಈಗ ಮುಟ್ಟೋ ಹಾಗಿಲ್ಲ. ಎಲ್ಲದಕ್ಕೂ ಗೋಧಿ ಹಿಟ್ಟು ಹಾಕ್ತಾರೆ, ಗಟ್ಟಿ ಆಗ್ಲಿ ಅಂತ. ನೋಡಿ ಇಲ್ಲಿ, ಸಣ್ಣ ಅಕ್ಷರದಲ್ಲಿ. ಕುಂಬಳ, ನೀರು, ಗೋಧಿ ಹಿಟ್ಟು.” ಬೆರಳಿಟ್ಟು ತೋರಿಸಿದಳು. “ನಿಮ್ಮ ಹಾಗೆ ಬರೀ ಕುಂಬಳದಿಂದ ಗಟ್ಟಿ ಮಾಡೋ ತಾಳ್ಮೆ ಕಾರ್ಖಾನೆಯೋರಿಗೆ ಎಲ್ಲಿರುತ್ತೆ?”

ನೋಲಾ ಕನ್ನಡಕ ತಂದಿರಲಿಲ್ಲ. ಇಷ್ಟು ದಿನವೂ ಅವಳು ಆ ಅಕ್ಷರಗಳನ್ನು ಓದಿರಲಿಲ್ಲ. ಡಬ್ಬಿಯ ಮೇಲೆ ಕುಂಬಳದ ಚಿತ್ರವಿತ್ತು, ಒಳಗೆ ಕುಂಬಳದ ಸೂಪಿತ್ತು, ಓದುವುದಕ್ಕೇನಿದೆ ಎಂದುಕೊಂಡಿದ್ದಳು. ಈಗಲೂ ಅವಳಿಗೆ ಕಾಣಿಸಿದ್ದು ಮಸುಕಾದ ಒಂದು ಗೆರೆ ಮತ್ತು ಅದರ ಮೇಲಿದ್ದ ಬ್ರಿಯೋನಿಯ ಸಣಕಲು ಬೆರಳು.

ಬ್ರಿಯೋನಿ ಡಬ್ಬಿಗಳನ್ನೆಲ್ಲ ಕಾರಿನ ಹಿಂಭಾಗದಲ್ಲಿ ಜೋಡಿಸಿದಳು, ಉರುಳದ ಹಾಗೆ ಪಕ್ಕದಲ್ಲಿ ಕಂಬಳಿ ಒತ್ತಿಟ್ಟಳು. “ನಾಳೆ ಬರ್ತೀನಿ ಆಂಟಿ. ನನ್ನ ಬಟ್ಟಲು ತೆಗೆದಿಡಿ,” ಎಂದು ಕೈಬೀಸಿ ಹೋದಳು.

ಮನೆಗೆ ಹೇಗೆ ಬಂದಳೋ ನೋಲಾಳಿಗೆ ನೆನಪಿಲ್ಲ. ಕೆನ್ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಅವಳು ಕೋಟನ್ನೂ ಬಿಚ್ಚದೆ ಅಲ್ಲಿಗೇ ಹೋಗಿ ನಿಂತಳು.

“ಕೆನ್, ನಾನು ಆ ಹುಡುಗಿಗೆ ವಿಷ ಹಾಕ್ತಾ ಇದ್ದೀನಿ.”

ಅವನು ಕೊಡಲಿ ಕೆಳಗಿಟ್ಟು ಎಲ್ಲವನ್ನೂ ಕೇಳಿದ. ಒಡೆದ ಸೌದೆಯನ್ನು ಒಂದೊಂದಾಗಿ ರಾಶಿಗೆ ಪೇರಿಸಿದ. ಡಬ್ಬಿ ಮೊದಲು ತಂದವನು ತಾನೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

“ಹಾಗಾದ್ರೆ ಇವತ್ತೇ ನಿಲ್ಲಿಸೋಣ,” ಎಂದ ಕೊನೆಗೆ. “ಕುಂಬಳ ಇದೆ, ಕೊಡಲಿ ಇದೆ. ನಾನು ಒಡೀತೀನಿ, ನೀನು ಬೇಯಿಸು. ನಾಳೆಯಿಂದ ಸರಿಯಾದ ಸೂಪು ಕುಡೀತಾಳೆ, ಹುಷಾರಾಗ್ತಾಳೆ. ಯಾರಿಗೂ ಏನೂ ಹೇಳೋ ಹಾಗಿಲ್ಲ, ಯಾರಿಗೂ ಬೇಜಾರಿಲ್ಲ.”

ಕೊಡಲಿಯಿಂದ ಒಡೆದ ಕುಂಬಳದ ತುಂಡುಗಳು ಸೌದೆಯ ಹಾಗೆಯೇ ಇದ್ದವು. ಕೆನ್ ಅಡುಗೆಮನೆಯ ಮೇಜಿನ ಮುಂದೆ ಕೂತು ತನ್ನ ಆಲೂಗಡ್ಡೆ ಅಗೆಯುವ ಕೈಗಳಿಂದ ಒಂದೊಂದನ್ನೇ ಸಿಪ್ಪೆ ತೆಗೆದ. ಅರ್ಧ ತಿರುಳು ಸಿಪ್ಪೆಯ ಜೊತೆಗೇ ಹೋಯಿತು. “ಈ ಕೆಲಸಾನ ಇಷ್ಟು ವರ್ಷ ಮಾಡ್ದೆಯೇನೇ?” ಎಂದು ಒಮ್ಮೆ ಕೇಳಿದ. ನೋಲಾ ಪಾತ್ರೆಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಉಜ್ಜಿ ತೊಳೆದಳು, ಸೌಟು ಹೊಸದು ತೆಗೆದಳು. ಹಿಡಿಯಲ್ಲಿದ್ದ ನೀಲಿ ಕ್ಲಿಪ್ಪನ್ನು ಮೊದಲ ಸಲ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದಳು. ಬಣ್ಣ ಮಾಸಿತ್ತು. ಒಂದು ದಿನ ಅವಳಿಗೆ ಅದು ನೆನಪಿಗೆ ಬರಬಹುದಿತ್ತು. ಒಂದೇ ಒಂದು ದಿನ, ಡಬ್ಬಿ ಸುರಿಯುವಾಗ ಕಣ್ಣು ಸ್ವಲ್ಪ ಪಕ್ಕಕ್ಕೆ ಹೋಗಿದ್ದರೆ ಸಾಕಿತ್ತು. ಇವತ್ತಿನ ಸೂಪಿಗೆ ಅದು ಸುಳ್ಳಲ್ಲ. ಆದರೂ ಮತ್ತೆ ಸಿಕ್ಕಿಸುವಾಗ ಕಳ್ಳತನ ಮಾಡಿದ ಹಾಗಾಯಿತು.

ಬುಧವಾರದ ಸೂಪಿನಲ್ಲಿ ನಾರು ಸಿಕ್ಕಿತು.

“ಇದೇನು, ಹಿಂದಕ್ಕೆ ಹೋದೆಯಲ್ಲ?” ಎಂದ ಡೆಸ್. “ಕಳೆದ ವಾರದ್ದೇ ಚೆನ್ನಾಗಿತ್ತು.”

“ಹಲ್ಲಿಗೆ ಕೆಲಸ ಬೇಕು ಕಣೋ, ಇರೋ ನಾಲ್ಕಾದ್ರೂ ಗಟ್ಟಿಯಾಗಿರ್ಲಿ,” ಎಂದಳು ವಾಲ್ಮೇ.

ಬ್ರಿಯೋನಿ ಕಟ್ಟೆಯ ಹತ್ತಿರವೇ ನಿಂತು ತಿಂದಳು. ನೋಲಾ ಅವಳ ಪ್ರತಿ ಚಮಚವನ್ನೂ ನೋಡುತ್ತಿದ್ದಳು. ಇವತ್ತು ಭಯವಿಲ್ಲ, ಇವತ್ತಿನಿಂದ ಇವಳು ಸುಧಾರಿಸುತ್ತಾಳೆ, ಕೆನ್ ಹೇಳಿದ್ದೇ ಸರಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬ್ರಿಯೋನಿ ವಾಲ್ಮೇಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು.

“ಬಸ್ಸಿನ ಕೆಲಸ ಬಿಟ್ಟೆ ವಾಲ್. ಈ ವಾರದ ಕೊನೇಗೆ ಕೀ ಕೊಟ್ಟುಬಿಡ್ತೀನಿ. ಬೇರೆ ಡ್ರೈವರ್ ಸಿಕ್ಕಿದಾನೆ.”

“ರಜ ಹಾಕೋದಲ್ವೇನೇ? ಬಿಡೋದ್ಯಾಕೆ?”

“ಎಷ್ಟು ದಿನ ಅಂತ ಹಾಕ್ಲಿ? ಡಾಕ್ಟರು ಹೇಳ್ತಾರೆ, ರಕ್ತದಲ್ಲಿ ಮತ್ತೆ ಗೋಧಿ ಗುರುತು ಏರಿದೆ, ನೀನು ಎಲ್ಲೋ ತಿಂತಾ ಇದ್ದೀಯ ಅಂತ. ನಾನು ಆಣೆ ಮಾಡಿ ಹೇಳ್ದೆ, ಇಲ್ಲ ಅಂತ. ಅವರು ನಕ್ಕರು. ತಿಂದಿಲ್ಲ ಅನ್ನೋದು ನಿಜ ಆದ್ರೆ ಇದು ಬೇರೆ ಜಾತಿ ಕಾಯಿಲೆ, ಪಥ್ಯಕ್ಕೆ ಬಗ್ಗದೇ ಇರೋದು ಅಂದ್ರು. ಶುಕ್ರವಾರ ಹೊಟ್ಟೆ ಒಳಗೆ ಕೊಳವೆ ಬಿಟ್ಟು ನೋಡ್ತಾರಂತೆ. ಆಮೇಲೆ ಜೋರು ಔಷಧಿ. ಅದು ಶುರು ಮಾಡಿದ್ರೆ ಸಣ್ಣ ನೆಗಡೀನೂ ತಡೆಯೋ ಶಕ್ತಿ ಇರಲ್ಲವಂತೆ.” ಅವಳು ಚಮಚವನ್ನು ಬಟ್ಟಲಲ್ಲಿ ಸುತ್ತಿಸಿದಳು. “ಒಂದೊಂದ್ಸಲ ಅನ್ಸುತ್ತೆ, ನಿದ್ದೇಲಿ ಎದ್ದು ನಾನೇ ಬ್ರೆಡ್ಡು ತಿಂತೀನೇನೋ ಅಂತ. ಮನೇಲಿ ಬ್ರೆಡ್ಡೇ ಇಲ್ಲ. ಆದ್ರೂ ಬೆಳಗ್ಗೆ ಎದ್ದು ಬೆರಳು ಮೂಸಿ ನೋಡ್ತೀನಿ.”

ನೋಲಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಯಾರೋ ಮುದುಕ ಬಟ್ಟಲು ಹಿಡಿದು ಕಾಯುತ್ತಿದ್ದ. ಅವಳು ಅವನನ್ನು ಹಾಗೆಯೇ ಬಿಟ್ಟು ಕಟ್ಟೆಯ ಕೊನೆಯ ಬಾಗಿಲು ತೆರೆದು ಆಚೆ ಬಂದಳು.

“ಬ್ರಿಯೋನಿ, ಒಂದು ನಿಮಿಷ ಬಾ ನನ್ ಜೊತೆ.”

ಭವನದ ಹಿಂದೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುವ ಕೋಣೆ. ಅಲ್ಲಿ ಒಲೆಯಿಲ್ಲ, ಉಸಿರು ಹೊಗೆಯಾಗಿ ಕಾಣುತ್ತದೆ. ಬ್ರಿಯೋನಿ ಬಂದವಳೇ, “ಏನಾಯ್ತು ಆಂಟಿ? ಕೂತ್ಕೊಳಿ ಮೊದಲು,” ಎಂದು ಒಂದು ಕುರ್ಚಿ ಎಳೆದುಕೊಟ್ಟಳು. ನೋಲಾ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ನೀನು ಕುಡೀತಾ ಇದ್ದದ್ದು ನನ್ನ ಸೂಪಲ್ಲ. ಡಬ್ಬಿದು. ನಿನ್ನೆ ನೀನು ಕಾರಿಗೆ ಇಟ್ಟೆಯಲ್ಲ, ಅದು. ಇವತ್ತಿಂದು ಮಾತ್ರ ನಾನು ಮಾಡಿದ್ದು. ಕೈ ಆಗ್ತಾ ಇರ್ಲಿಲ್ಲ. ಹಿಟ್ಟಿದೆ ಅಂತ ಗೊತ್ತಿರ್ಲಿಲ್ಲ. ನಿನ್ನೆ ನೀನೇ ತೋರಿಸಿದ ಮೇಲೆ ಗೊತ್ತಾಯ್ತು.”

ಬ್ರಿಯೋನಿ ಅರ್ಥವಾಗದವಳಂತೆ ಮೊದಲು ಸ್ವಲ್ಪ ನಕ್ಕಳು. ಆಮೇಲೆ ಅವಳ ಕಣ್ಣು ನೋಲಾಳ ಕೈಗಳ ಮೇಲೆ ಹೋಯಿತು, ಅಲ್ಲಿಂದ ಬಾಗಿಲಿನ ಕಡೆ.

“ನೀಲಿ ಕ್ಲಿಪ್ ಇತ್ತಲ್ಲ,” ಎಂದಳು.

“ಇತ್ತು.”

“ನಾನು ನೋಡ್ತಿದ್ದೆ. ಪ್ರತಿ ಸಲ. ನೋಡಿನೇ ಬಟ್ಟಲು ಮುಂದೆ ಹಿಡೀತಿದ್ದೆ.”

“ನಾನು ಅದನ್ನ ತೆಗೀಲಿಲ್ಲ ಕಣಮ್ಮ. ಅದು ಅಲ್ಲಿ ಇದೆ ಅಂತಲೇ ನಂಗೆ...”

“ನಿನ್ನೆ ಗೊತ್ತಾಯ್ತು,” ಎಂದಳು ಬ್ರಿಯೋನಿ. “ನಿನ್ನೆ ಯಾಕೆ ಹೇಳ್ಲಿಲ್ಲ? ಅಂಗಡೀಲಿ ನಾನು ಎದುರಿಗೇ ಇದ್ದೆ. ಕೆನ್ ಅಂಕಲ್‌ಗೆ ಅಂದ್ರಿ. ಇವತ್ತು ನಾನು ಬಸ್ಸಿನ ಮಾತು ಆಡದೇ ಇದ್ದಿದ್ರೆ ಹೇಳ್ತಿದ್ರಾ?”

ನೋಲಾ ಉತ್ತರ ಕೊಡಬೇಕಿತ್ತು. ಕೊಡಬಹುದಾದ ಒಳ್ಳೆಯ ಉತ್ತರಗಳು ಕೆಲವು ಇದ್ದವು. ಅವಳು ಅವುಗಳಲ್ಲಿ ಯಾವುದನ್ನೂ ಆರಿಸಿಕೊಳ್ಳಲಿಲ್ಲ.

“ಇಲ್ಲ,” ಎಂದಳು. “ಹೇಳ್ತಿರ್ಲಿಲ್ಲ.”

ಬ್ರಿಯೋನಿ ಗೋಡೆಗೆ ಒರಗಿದಳು. ಅಳುತ್ತಾಳೆ ಎಂದುಕೊಂಡಿದ್ದಳು ನೋಲಾ, ಅಳಲಿಲ್ಲ. “ನಾನು ಡಾಕ್ಟರ ಮುಂದೆ ಸುಳ್ಳಿ ಆದೆ,” ಎಂದಳು ಮೆಲ್ಲಗೆ. “ಅಮ್ಮನೂ ಫೋನಲ್ಲಿ ಅದನ್ನೇ ಅಂದ್ಲು, ನೀನು ಚಿಕ್ಕಂದಿನಿಂದ ಕದ್ದು ತಿನ್ನೋಳೇ ಅಂತ. ನಾನೇ ನನ್ನ ನಂಬೋದು ಬಿಟ್ಟೆ. ನಿಮ್ಮ ಮೇಲೆ ಒಂದು ದಿನ ಅನುಮಾನ ಬರ್ಲಿಲ್ಲ.” ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಬಾಗಿಲು ತಳ್ಳಿಕೊಂಡು ಹೊರಟಳು. ಭವನದ ನಡುವಿನಿಂದ, ಯಾರ ಕಡೆಯೂ ನೋಡದೆ. ಹೊರಬಾಗಿಲು ಗಾಳಿಗೆ ದಡಾರೆಂದು ಬಡಿಯಿತು.

ನೋಲಾ ಹಿಂದಿನಿಂದ ಬಂದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಏನಂದೆ ಆ ಹುಡುಗಿಗೆ?” ವಾಲ್ಮೇ ಕೇಳಿದಳು.

ಒಬ್ಬಳಿಗೆ ಹೇಳಿದ ಮೇಲೆ ಮಿಕ್ಕವರಿಗೆ ಹೇಳುವುದು ಕಷ್ಟವಾಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಡಬ್ಬಿಯ ಮಾತು ಬಂದಾಗ ಡೆಸ್ ಏನೋ ಹೇಳಲು ಬಾಯಿ ತೆರೆದ. ಅವನ ಮುಖದ ಮೇಲೆ ಒಂದು ತಮಾಷೆ ಅರ್ಧ ಬಂದು ನಿಂತು ಹಾಗೆಯೇ ಹೊರಟುಹೋಯಿತು. ಅವನು ಚಮಚ ಕೆಳಗಿಟ್ಟ.

ವಾಲ್ಮೇ ಕಟ್ಟೆಯ ಹಿಂದೆಯೇ ನಿಂತಿದ್ದಳು. ನೋಲಾ ಅವಳ ಬೈಗುಳಕ್ಕೆ ಕಾಯುತ್ತಿದ್ದಳು. ಬೈದರೆ ಹಗುರವಾಗುತ್ತದೆ ಎನಿಸಿತ್ತು.

“ಡಬ್ಬಿ ಹಾಳಾಗ್ಲಿ,” ಎಂದಳು ವಾಲ್ಮೇ, ದನಿಯೇ ಇಲ್ಲದ ದನಿಯಲ್ಲಿ. “ಕೈ ಆಗಲ್ಲ ಅಂತ ನಂಗೊಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ? ನಾನೇನು ತಿಂದುಬಿಡ್ತಿದ್ನಾ?” ಆಮೇಲೆ ಕಟ್ಟೆಯ ಮೇಲೆ ಸಾಲಾಗಿ ತೊಳೆದಿಟ್ಟಿದ್ದ ಖಾಲಿ ಬಾಟಲಿಗಳ ಕಡೆ ನೋಡಿದಳು. “ಅವನ್ನೆಲ್ಲ ತುಂಬಿಸಿ ಕೊಟ್ಟೋಳು ನಾನು. ಇನ್ನೊಂದು ತಗೋ, ಇನ್ನೊಂದು ತಗೋ ಅಂತ.”

ಆ ಬುಧವಾರ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಅದೇ ಸಂಜೆ ಬ್ರಿಯೋನಿಯ ಫೋನು ಬಂತು. ಆಂಟಿ ಎನ್ನಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ.

“ಯಾವಾಗಿನಿಂದ?” ಎಂದು ಕೇಳಿದಳು. “ಡಾಕ್ಟರಿಗೆ ಹೇಳಬೇಕು.”

“ಈ ಸಲದ ಮೊದಲ ಊಟದಿಂದ.”

“ಪ್ರತಿ ವಾರಾನಾ? ನಡುವೆ ಒಂದ್ಸಲಾನಾದ್ರೂ ನೀವು ಮಾಡಿದ್ದು ಇತ್ತಾ?”

“ಇಲ್ಲ. ಇವತ್ತಿಂದು ಒಂದೇ.”

ಆ ಕಡೆ ಕಾಗದದ ಮೇಲೆ ಪೆನ್ನು ಸರಿದ ಸದ್ದು. ಆಮೇಲೆ ಫೋನು ಕಟ್ಟಾಯಿತು.

ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡುವುದನ್ನು ಡಾಕ್ಟರು ಮುಂದಕ್ಕೆ ಹಾಕಿದರೆಂದು, ಔಷಧಿಯ ಮಾತು ಸದ್ಯಕ್ಕಿಲ್ಲವೆಂದು ನೋಲಾಳಿಗೆ ಗೊತ್ತಾದದ್ದು ವಾಲ್ಮೇಯಿಂದ. ಬಸ್ಸು ಮಾತ್ರ ಆಗಲೇ ಬೇರೆಯವನ ಕೈ ಸೇರಿತ್ತು. ಬ್ರಿಯೋನಿ ಗುಣವಾದ ಮೇಲೆ ಕೇಳಿ ನೋಡಬಹುದು ಎಂದು ಶಾಲೆಯವರು ಹೇಳಿದರಂತೆ. ಕೊಡುತ್ತಾರೆಂದು ಯಾರೂ ಹೇಳಲಿಲ್ಲ.

ನೋಲಾ ಇನ್ನು ಸೂಪು ತರುವುದಿಲ್ಲವೆಂದಳು, ಭವನಕ್ಕೂ ಬರುವುದಿಲ್ಲವೆಂದಳು. ಮೊದಲನೆಯದಕ್ಕೆ ವಾಲ್ಮೇ ಒಪ್ಪಿದಳು. ಎರಡನೆಯದಕ್ಕೆ ಒಪ್ಪದೆ, ಬುಧವಾರ ತಾನೇ ಕಾರು ತಂದು ಅವಳ ಮನೆಯ ಮುಂದೆ ಹಾರ್ನ್ ಹೊಡೆಯುತ್ತ ನಿಂತಳು, ನೆರೆಯವರೆಲ್ಲ ಕಿಟಕಿಗೆ ಬರುವ ತನಕ. ನೋಲಾ ಹೋಗಿ ಉದ್ದನೆಯ ಮೇಜಿನ ಕೊನೆಯಲ್ಲಿ ಕೂತಳು. ಯಾರೋ ಅವಳಿಗೆ ಬಟ್ಟಲು ತಂದುಕೊಟ್ಟರು. ಬಡಿಸಿಕೊಂಡು ಉಣ್ಣುವುದಕ್ಕೆ ಇಷ್ಟು ಹೆದರಿದೆನಲ್ಲ ಎಂದು ಅವಳಿಗೆ ಅನಿಸಿತು. ಹೆದರಿದ್ದೇನೂ ಸುಳ್ಳಲ್ಲ. ಆದರೆ ಆ ಹೆದರಿಕೆಗೆ ಬೆಲೆ ತೆತ್ತವಳು ತಾನಲ್ಲ.

ವಾಲ್ಮೇ ಕ್ಲಿಪ್ಪುಗಳನ್ನು ತೆಗೆಸಿದಳು. ಈಗ ಪ್ರತಿ ಪಾತ್ರೆಯ ಹಿಂದೆ ಅದನ್ನು ಮಾಡಿದವರೇ ನಿಂತು, ಏನೇನು ಹಾಕಿದ್ದೇವೆಂದು ಬಾಯಿಬಿಟ್ಟು ಹೇಳಬೇಕು. ಒಬ್ಬಳು ಮೂಳೆಯ ಸಾರಿಗೆ ಅಂಗಡಿಯ ಪುಡಿ ಹಾಕುತ್ತಿದ್ದುದು ಹೊರಗೆ ಬಂತು. ಇನ್ನೊಬ್ಬಳು ಬಟಾಣಿ ಸೂಪಿನ ಅರ್ಧ ಡಬ್ಬಿಯದೇ ಎಂದು ಕೆಂಪಾಗಿ ಒಪ್ಪಿಕೊಂಡಳು. ವಾಲ್ಮೇ ಕಣ್ಣುಮುಚ್ಚಿ, “ಆಯ್ತು, ಮುಂದೆ,” ಎಂದಳು.

ಬ್ರಿಯೋನಿ ಬರಲಿಲ್ಲ. ನೋಲಾ ಅವಳ ಮನೆಯ ಮುಂದಿನಿಂದ ಹಾದುಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಏನನ್ನೂ ಮಾಡಿ ಕಳಿಸಲಿಲ್ಲ. ಮಾಡಿ ಕಳಿಸುವುದೇ ಆಗಬಾರದ ಕೆಲಸವಾಗಿತ್ತು.

ಚಳಿ ಮುಗಿಯುತ್ತ ಬಂದಿತ್ತು. ಬೇಲಿಯ ಪಕ್ಕದಲ್ಲಿ ಹಳದಿ ಹೂಗಳು ಬಿಡತೊಡಗಿದ್ದವು. ಒಂದು ಬುಧವಾರ ಊಟದ ನಡುವೆ ಬಾಗಿಲು ತೆರೆಯಿತು, ತಣ್ಣನೆಯ ಗಾಳಿಯ ಜೊತೆ ಬ್ರಿಯೋನಿ ಬಂದಳು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಡೆಸ್ ಎದ್ದು ನಿಂತು, “ಯಾರಪ್ಪ ಈ ದಪ್ಪ ಹೆಂಗಸು?” ಎಂದ. ಅವಳು ಅವನ ಭುಜಕ್ಕೆ ಮೆಲ್ಲಗೆ ಹೊಡೆದು ಮುಂದೆ ಬಂದಳು.

ಮೇಜುಗಳಲ್ಲಿ ಬೇಕಾದಷ್ಟು ಜಾಗವಿತ್ತು. ಅವಳು ಒಂದು ಕ್ಷಣ ನಿಂತು ಎಲ್ಲವನ್ನೂ ನೋಡಿ, ನೋಲಾಳ ಎದುರಿಗಿದ್ದ ಕುರ್ಚಿಯನ್ನು ಎಳೆದು ಕೂತಳು. ಕೈಚೀಲದಿಂದ ಬುತ್ತಿ ತೆಗೆದಳು: ಅಕ್ಕಿ ಹಿಟ್ಟಿನ ಒಂದು ರೊಟ್ಟಿ, ಬೇಯಿಸಿದ ಮೊಟ್ಟೆ, ಒಂದು ಸೇಬು. ಚಮಚವನ್ನೂ ಮನೆಯಿಂದಲೇ ತಂದಿದ್ದಳು.

“ಕೈ ಹೇಗಿದೆ?” ಎಂದು ಕೇಳಿದಳು, ಮೊಟ್ಟೆಯ ಸಿಪ್ಪೆ ಬಿಡಿಸುತ್ತ.

“ಹಾಗೇ ಇದೆ.”

“ಹ್ಞೂಂ.”

ಕಟ್ಟೆಯ ಹಿಂದೆ ವಾಲ್ಮೇ ಸೌಟು ಎತ್ತಿ ಹಿಡಿದು ಇವರ ಕಡೆಯೇ ನೋಡುತ್ತಿದ್ದಳು. ಸ್ವಲ್ಪ ಸೂಪು ತಗೊಳ್ಳೇ, ಅದರಲ್ಲಿ ಏನೂ ಇಲ್ಲ, ನಾನು ನೋಡಿದ್ದೀನಿ ಎಂಬ ಮಾತು ನೋಲಾಳ ನಾಲಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಬ್ರಿಯೋನಿ ತನ್ನ ರೊಟ್ಟಿ ಮುರಿದು ತಿನ್ನುತ್ತಿದ್ದಳು. ನೋಲಾ ತನ್ನ ಬಟ್ಟಲನ್ನು, ಒಂದು ಹನಿಯೂ ಆ ಕಡೆ ಚೆಲ್ಲದ ಹಾಗೆ, ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.